ಕೂಸಿಗೆ ಕತ್ತರಿ, ಹರೆಯಕ್ಕೆ ಬೀಗ

ಹುಟ್ಟಿದಾಗ ಗಂಡೋ ಹೆಣ್ಣೋ ಎಂದು ಖಚಿತವಾಗಿ ಹೇಳಲಾಗದ ಅಂಗರಚನೆಯ ಮಕ್ಕಳನ್ನು ಅಂತರಲಿಂಗಿಗಳು ಎನ್ನುತ್ತೇವೆ. ಜೀವಕ್ಕೆ ಅಪಾಯವಿಲ್ಲದಿದ್ದರೆ ಇಂಥ ಮಕ್ಕಳಿಗೆ ಲಿಂಗ ನಿಗದಿಪಡಿಸುವ ಶಸ್ತ್ರಚಿಕಿತ್ಸೆ ಮಾಡಕೂಡದು ಎಂದು ದೆಹಲಿಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2021ರ ಜನವರಿಯಲ್ಲಿ ಶಿಫಾರಸು ಮಾಡಿತು. ಮದ್ರಾಸ್ ಹೈಕೋರ್ಟ್ 2019ರಲ್ಲೇ ಹಾಗೆ ತೀರ್ಪಿತ್ತಿತ್ತು, ತಮಿಳುನಾಡು ಸರ್ಕಾರ ಅದೇ ವರ್ಷ ನಿಷೇಧದ ಆದೇಶವನ್ನೂ ಹೊರಡಿಸಿತ್ತು. ದೆಹಲಿಯಲ್ಲಿ ಮಾತ್ರ ಕಡತ ಕದಲಲಿಲ್ಲ. ಎಂಟು ವಾರಗಳೊಳಗೆ ತೀರ್ಮಾನಿಸಿ ಎಂದು 2022ರ ಜುಲೈನಲ್ಲಿ ದೆಹಲಿ ಹೈಕೋರ್ಟೇ ಹೇಳಬೇಕಾಯಿತು. ಹೆತ್ತವರು ಒಪ್ಪಿದ ಮೇಲೆ ಸರ್ಕಾರಕ್ಕೇನು ಕೆಲಸ ಎಂದು ಕೇಳುವವರಿದ್ದಾರೆ. ಸೀಳುತುಟಿಗೂ ಹೆತ್ತವರೇ ಒಪ್ಪಿಗೆ ಕೊಡುತ್ತಾರಲ್ಲ? ನಿಜ, ಆದರೆ ಸೀಳುತುಟಿ ಸರಿಯಾದರೆ ಮಗು ಹಾಲು ಕುಡಿಯುತ್ತದೆ, ಮಾತು ಕಲಿಯುತ್ತದೆ. ಲಿಂಗ ನಿಗದಿಯ ಶಸ್ತ್ರಚಿಕಿತ್ಸೆ ಬಹುಪಾಲು ಶಮನ ಮಾಡುವುದು ಹಿರಿಯರ ಕಳವಳವನ್ನು. ಅಲ್ಲಿ ಕತ್ತರಿಸಿದ್ದು ಮರಳಿ ಬರುವುದಿಲ್ಲ. ಹೆತ್ತವರ ಒಪ್ಪಿಗೆ ಮಗುವಿನ ಒಪ್ಪಿಗೆಯಾಗದು ಎಂದು ಮದ್ರಾಸ್ ಹೈಕೋರ್ಟ್ ಹೇಳಿದ್ದು ಅದಕ್ಕೇ.

ಈ ಅಳತೆಗೋಲನ್ನು ಹಿಡಿದು ಅಮೆರಿಕದತ್ತ ನೋಡಿದರೆ ವಿಚಿತ್ರವೊಂದು ಕಾಣುತ್ತದೆ. ಟೆನೆಸಿ ರಾಜ್ಯ 2023ರಲ್ಲಿ 18 ತುಂಬದ ಟ್ರಾನ್ಸ್‌ಜೆಂಡರ್ ಮಕ್ಕಳಿಗೆ ಹರೆಯ ತಡೆಯುವ ಔಷಧ, ಹಾರ್ಮೋನು, ಶಸ್ತ್ರಚಿಕಿತ್ಸೆ ಮೂರನ್ನೂ ನಿಷೇಧಿಸಿತು. 2025ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6–3 ಬಹುಮತದಿಂದ ಆ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ಜನ್ಮಜಾತ ದೋಷದ ಚಿಕಿತ್ಸೆಗೆ ಅದೇ ಕಾಯ್ದೆಯಲ್ಲಿ ವಿನಾಯಿತಿ! ಬಾಯಿಬಿಟ್ಟು ಕೇಳುವ ಹದಿನಾರರ ಹರೆಯಕ್ಕೆ ಔಷಧವಿಲ್ಲ, ಮಾತೇ ಬಾರದ ಅಂತರಲಿಂಗಿ ಕೂಸಿನ ಮೇಲೆ ಕತ್ತರಿಯಾಡಿಸಲು ಅಡ್ಡಿಯಿಲ್ಲ.

ನಿಷೇಧದ ಪರ ಇರುವವರ ಗಟ್ಟಿ ವಾದವೆಂದರೆ ಪುರಾವೆಯ ಕೊರತೆ. ಅದನ್ನು ತಳ್ಳಿಹಾಕಲಾಗದು. ಈ ಔಷಧಗಳ ಕುರಿತ ಅಧ್ಯಯನಗಳು ದುರ್ಬಲವೆಂದು ಬ್ರಿಟನ್ನಿನ ಕ್ಯಾಸ್ ವರದಿ 2024ರಲ್ಲಿ ಹೇಳಿತು, ಹರೆಯ ತಡೆಯುವ ಔಷಧಕ್ಕೆ ಅಲ್ಲಿನ ಸರ್ಕಾರ ಅನಿರ್ದಿಷ್ಟ ತಡೆ ಹಾಕಿತು. ಆದರೂ ವರದಿ ಕೇಳಿದ್ದು ಎಚ್ಚರದ ತಪಾಸಣೆ ಮತ್ತು ಇನ್ನಷ್ಟು ಸಂಶೋಧನೆ. ಸ್ವೀಡನ್ ಕೂಡ ಚಿಕಿತ್ಸೆಯನ್ನು ಬಿಗಿಗೊಳಿಸಿದ್ದು ವೈದ್ಯಕೀಯ ಮಾರ್ಗಸೂಚಿಯ ಮೂಲಕ. ಮಾರ್ಗಸೂಚಿಯನ್ನು ಹೊಸ ಪುರಾವೆ ಬಂದಾಗ ತಿದ್ದಬಹುದು. ಮತ ಎಣಿಸಿ ಮಾಡಿದ ಕಾಯ್ದೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ನಮ್ಮಲ್ಲಿ 2019ರ ಟ್ರಾನ್ಸ್‌ಜೆಂಡರ್ ಕಾಯ್ದೆ ಆಪ್ತಸಮಾಲೋಚನೆ, ಹಾರ್ಮೋನು ಚಿಕಿತ್ಸೆಯ ಹೊಣೆಯನ್ನು ಸರ್ಕಾರಕ್ಕೆ ವಹಿಸಿತು. ಅಪ್ರಾಪ್ತರ ಗುರುತಿನ ಅರ್ಜಿಯನ್ನು ಮಾತ್ರ ಪಾಲಕರ ಕೈಗಿತ್ತಿತು. ದೆಹಲಿಯ ಪೀತಮ್‌ಪುರದ ಒಂದು ಮಧ್ಯಮವರ್ಗದ ಮನೆಯಲ್ಲಿ ಅಪ್ಪ ಅಮ್ಮ ಒಲ್ಲೆವೆಂದರೆ ಮಗುವಿಗೆ ಆ ಬಾಗಿಲು ಅಲ್ಲಿಗೇ ಮುಚ್ಚಿತು. ತಮಿಳುನಾಡಿನ ಆದೇಶ ಜೀವಾಪಾಯವನ್ನು ನಿರ್ಣಯಿಸುವ ಕೆಲಸವನ್ನು ತಜ್ಞ ವೈದ್ಯರು, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರಿರುವ ಸಮಿತಿಗೆ ಒಪ್ಪಿಸಿದೆ. ದೆಹಲಿ ಅಂಥದೇ ಸಮಿತಿ ರಚಿಸಿ, ಹರೆಯದವರ ಅಹವಾಲನ್ನೂ ಅದರ ಮುಂದಿಡಬಹುದು, ಆ ಮಕ್ಕಳನ್ನೇ ಕೂರಿಸಿ ಕೇಳಬೇಕೆಂಬ ಷರತ್ತಿನೊಂದಿಗೆ.