ಕಾಣದ ಕೀಲಿನ ಆರೈಕೆ

ಎತ್ತಿನ ಬಂಡಿಯನ್ನು ಹೂಡುತ್ತಿದ್ದ ನಮ್ಮ ಹಿರಿಯರು ದೂರ ಪ್ರಯಾಣಕ್ಕೆ ಮುನ್ನ ಗಾಲಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದನ್ನು ಮರೆಯುತ್ತಿರಲಿಲ್ಲ. ಎಣ್ಣೆ ಕಾಣದ ಅಚ್ಚು ಕಿರಿಚಿ ತನ್ನ ಸಂಕಟವನ್ನು ತಾನೇ ಊರಿಗೆಲ್ಲ ಸಾರುತ್ತಿದ್ದಿತು. ಈ ಕಾಲದ ಯಂತ್ರವಾಹನಗಳಲ್ಲಿಯಾದರೋ ಕೆಲವು ಕೀಲುಗಳು ಚೌಕಟ್ಟಿನೊಳಗೆ ಅಡಗಿಕೊಂಡು, ಬಹುಕಾಲ ಸದ್ದನ್ನೇ ಮಾಡದೆ ಕೆಡುತ್ತ ಹೋಗುತ್ತವೆ. ಎ.ಟಿ.ವಿ. ಎಂಬ ವಾಹನದ ಹಿಂಭಾಗದಲ್ಲಿರುವ ಅಂತಹುದೊಂದು ಕೀಲನ್ನೂ, ಅದಕ್ಕೆ ಗ್ರೀಸ್ ಹಚ್ಚುವ ಕ್ರಮವನ್ನೂ ಇಲ್ಲಿ ವಿವರಿಸಿದೆ.

ಎ.ಟಿ.ವಿ. ಎಂಬುದು ರಸ್ತೆಯಿಲ್ಲದ ಕೆಸರು, ಮರಳು, ಹಿಮ, ಹೊಲಗದ್ದೆಗಳಲ್ಲಿ ಸಂಚರಿಸತಕ್ಕ ವಾಹನ. ಇದಕ್ಕೆ ಮೋಟಾರು ಸೈಕಲ್ಲಿನಂತೆ ಹಿಡಿಕೆಯೂ ಆಸನವೂ ಇದ್ದು, ಉಬ್ಬಿದ ಮೆತ್ತನೆಯ ಟಯರುಗಳಿರುತ್ತವೆ. ಜಪಾನಿನ ಹೋಂಡಾ ಸಂಸ್ಥೆಯ ಇಂಜಿನಿಯರಾದ ಒಸಾಮು ಟಾಕೆಯುಚಿ ಎಂಬವರು ರೂಪಿಸಿದ ಮೂರು ಗಾಲಿಯ ವಾಹನವು 1970ರಲ್ಲಿ ಅಮೆರಿಕದ ಪೇಟೆಗೆ ಬಂದಿತು. ಚಳಿಗಾಲದಲ್ಲಿ ಮೋಟಾರು ಸೈಕಲ್ಲುಗಳ ಮಾರಾಟವು ಕುಗ್ಗುತ್ತಿದ್ದುದರಿಂದ ಹಿಮದ ಮೇಲೂ ಓಡಬಲ್ಲ ವಾಹನವೊಂದು ಅಲ್ಲಿನ ವ್ಯಾಪಾರಿಗಳಿಗೆ ಬೇಕಾಗಿದ್ದಿತು. 1982ರಲ್ಲಿ ಸುಜುಕಿ ಸಂಸ್ಥೆಯು ನಾಲ್ಕು ಗಾಲಿಯದನ್ನು ಹೊರತಂದಿತು. ಮೂರು ಗಾಲಿಯವುಗಳಿಂದ ಅಪಘಾತಗಳು ಬಹಳವಾಗಿ, 1988ರಲ್ಲಿ ಅಮೆರಿಕದ ಸರಕಾರಕ್ಕೂ ತಯಾರಕರಿಗೂ ಆದ ಒಡಂಬಡಿಕೆಯಂತೆ ಅಲ್ಲಿ ಅವುಗಳ ಮಾರಾಟವು ನಿಂತುಹೋಯಿತು. ಈಗ ನಾಲ್ಕು ಗಾಲಿಯದೇ ರೂಢಿಯಲ್ಲಿದೆ. ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳ ರೈತರು ಕುರಿದನಗಳನ್ನು ಅಟ್ಟಿಕೊಂಡು ಬರಲು, ಬೇಲಿಯ ಸಾಮಾನು ಸಾಗಿಸಲು ಇದನ್ನೇ ನಂಬಿರುವರು. ನಮ್ಮ ಕೊಡಗಿನ ಕಡೆಯಲ್ಲಿ ವಿಹಾರಕ್ಕೆ ಬಂದವರು ಬಾಡಿಗೆ ಕೊಟ್ಟು ಇದನ್ನೇರಿ ಗುಡ್ಡ ಸುತ್ತುವುದುಂಟು.

ಕೀಲಿನ ರಚನೆ

ಚೈನಿನಿಂದ ಓಡುವ ಎ.ಟಿ.ವಿ.ಗಳಲ್ಲಿ ಹಿಂದಿನ ಎರಡು ಗಾಲಿಗಳನ್ನೂ ಹೊತ್ತ ಅಚ್ಚು ಒಂದು ಬಲವಾದ ಲೋಹದ ತೋಳಿನ ತುದಿಯಲ್ಲಿರುತ್ತದೆ. ಇದಕ್ಕೆ ಸ್ವಿಂಗ್‌ಆರ್ಮ್ ಎಂದು ಹೆಸರು. ನಾವು ತೂಗುತೋಳು ಎನ್ನೋಣ. ನೆಲವು ಏರಿದಂತೆ ಇಳಿದಂತೆ ಈ ತೋಳು ಬಾಗಿಲಿನ ಕದದ ಹಾಗೆ ಒಂದು ಕೀಲನ್ನು ಆಧರಿಸಿ ಮೇಲೂ ಕೆಳಗೂ ಆಡುತ್ತದೆ. ಆ ಕೀಲಿನ ನಡುವೆ ಅಡ್ಡಲಾಗಿ ತೂರಿರುವ ಉದ್ದನೆಯ ಉಕ್ಕಿನ ಬೋಲ್ಟೇ ಪಿವಟ್ ಬೋಲ್ಟು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಸಾಮಾನ್ಯವಾಗಿ ಈ ಬೋಲ್ಟು ತಾನು ತಿರುಗುವುದಿಲ್ಲ. ಅದರ ಸುತ್ತ ಗಟ್ಟಿ ಉಕ್ಕಿನ ಕೊಳವೆಯೊಂದಿದ್ದು, ನಟ್ಟನ್ನು ಬಿಗಿದಾಗ ಅದು ಚೌಕಟ್ಟಿಗೆ ಕಚ್ಚಿಕೊಂಡು ನಿಲ್ಲುವುದು. ತೋಳಿನೊಳಗಿನ ಬೇರಿಂಗುಗಳು ಆ ಕೊಳವೆಯ ಮೇಲೆ ಆಡುವುವು. ಆದುದರಿಂದ ಗ್ರೀಸಿಗೆ ಎರಡು ಬೇರೆ ಕಾರ್ಯಗಳಿವೆ. ಬೇರಿಂಗಿನಲ್ಲಿ ಅದು ಸವೆತವನ್ನು ತಡೆಯುತ್ತದೆ. ಬೋಲ್ಟಿನ ಮೈಮೇಲೆ ತುಕ್ಕನ್ನು ತಡೆಯುತ್ತದೆ. ಹೊರಗಿನಿಂದ ಗ್ರೀಸ್ ಒತ್ತುವ ಮೊಲೆ ಕೆಲವು ವಾಹನಗಳಲ್ಲಿ ಇರುವುದು ನಿಜ. ಆದರೆ ಅದರಿಂದ ಒತ್ತಿದ ಗ್ರೀಸ್ ಬೇರಿಂಗಿಗೆ ತಲುಪಿದರೂ, ಕೊಳವೆಯ ಒಳಗಿನ ಬೋಲ್ಟಿಗೆ ಅನೇಕ ವೇಳೆ ತಲುಪುವುದೇ ಇಲ್ಲ. ಹೊರಗೆ ಗ್ರೀಸ್ ಹೊಳೆಯುತ್ತಿದ್ದರೂ ಒಳಗೆ ಬೋಲ್ಟು ತುಕ್ಕು ಹಿಡಿಯುತ್ತಿರಬಹುದು.

ಕೆಡುವ ಬಗೆ

ಗಾಲಿಯ ಬೇರಿಂಗು ಪೂರ್ತಿ ಸುತ್ತುವುದರಿಂದ ಗ್ರೀಸ್ ಎಲ್ಲೆಡೆಗೂ ಹರಡುತ್ತಿರುತ್ತದೆ. ತೂಗುತೋಳಿನ ಬೇರಿಂಗಾದರೋ ಕೆಲವೇ ಅಂಶಗಳಷ್ಟು ಹಿಂದುಮುಂದಾಗಿ ಆಡುವುದು. ಅದರ ಉರುಳೆಗಳು ಒಂದೇ ಸ್ಥಳವನ್ನು ಸಾವಿರಾರು ಸಲ ತುಳಿದು, ಅಲ್ಲಿಯ ಗ್ರೀಸನ್ನು ಅತ್ತಿತ್ತ ಸರಿಸಿ, ಕೊಳವೆಯಲ್ಲಿ ಗೀರುಗಳನ್ನು ಮೂಡಿಸುತ್ತವೆ. ಇದಕ್ಕೆ ನೀರು ಸೇರಿತೆಂದರೆ ಹಾನಿ ಇಮ್ಮಡಿಯಾಗುವುದು. ಹೆಚ್ಚಿನ ಒತ್ತಡದ ನೀರಿನಿಂದ ವಾಹನವನ್ನು ತೊಳೆಯುವವರು ಕೆಸರನ್ನು ಕಳೆಯುವ ಭರದಲ್ಲಿ ರಬ್ಬರಿನ ತಡೆಗಳನ್ನು ದಾಟಿಸಿ ನೀರನ್ನು ಒಳಕ್ಕೆ ನೂಕುತ್ತಾರೆ. ಉಕ್ಕು ತುಕ್ಕಾದಾಗ ಅದರ ಗಾತ್ರ ಹಿಗ್ಗುವುದರಿಂದ, ಸಲೀಸಾಗಿ ಜಾರುತ್ತಿದ್ದ ಬೋಲ್ಟು ಕೊಳವೆಯಲ್ಲಿ ಬೆಸೆದಂತೆ ಕಚ್ಚಿಕೊಳ್ಳುವುದು. ಆಮೇಲೆ ಅದನ್ನು ತೆಗೆಯಲು ಗರಗಸ ಬೇಕಾಗಬಹುದು, ತೋಳಿಗೂ ಪೆಟ್ಟಾಗಬಹುದು. ಒಂದು ಡಬ್ಬಿ ಗ್ರೀಸಿನಿಂದ ಮುಗಿಯುತ್ತಿದ್ದ ಕೆಲಸಕ್ಕೆ ಅದರ ಎಷ್ಟೋ ಪಾಲು ಹಣ ತೆರಬೇಕಾಗುವುದು.

ಹಣಕ್ಕಿಂತ ದೊಡ್ಡದು ಪ್ರಾಣದ ಮಾತು. ಸವೆದ ಕೀಲಿನ ಮೇಲೆ ಹಿಂದಿನ ಗಾಲಿಗಳು ನೇರವಾಗಿ ನಿಲ್ಲಲಾರವು. ವೇಗದಲ್ಲಿ ಹೋಗುವಾಗ, ಇಳಿಜಾರಿನಲ್ಲಿ ತಿರುಗುವಾಗ ವಾಹನದ ಹಿಂಭಾಗವು ಸವಾರನ ಮಾತನ್ನು ಕೇಳದೆ ಓಲಾಡತೊಡಗುವುದು.

ಪರೀಕ್ಷಿಸುವ ವಿಧಾನ

ಸಮನೆಲದಲ್ಲಿ ಇಂಜಿನನ್ನು ನಿಲ್ಲಿಸಿ, ಚೌಕಟ್ಟಿನ ಕೆಳಗೆ ಗಟ್ಟಿಯಾದ ಆಧಾರವನ್ನಿಟ್ಟು, ಹಿಂದಿನ ಗಾಲಿಗಳು ನೆಲ ಬಿಡುವಂತೆ ಮಾಡಬೇಕು. ಬರಿಯ ಜಾಕಿನ ಮೇಲೆ ವಾಹನವನ್ನು ನಿಲ್ಲಿಸಿ ಅದರ ಕೆಳಗೆ ಕೈಯಿಕ್ಕುವುದು ಸರ್ವಥಾ ಕೂಡದು. ಬಳಿಕ ಗಾಲಿಯನ್ನು ಹಿಡಿಯದೆ ತೋಳನ್ನೇ ಹಿಡಿದು ಎಡಕ್ಕೂ ಬಲಕ್ಕೂ ಅಲುಗಿಸಿ ನೋಡತಕ್ಕದ್ದು. ಗಾಲಿಯನ್ನು ಹಿಡಿದರೆ ಅಚ್ಚಿನ ಸಡಿಲವೂ ಇದರೊಡನೆ ಬೆರೆತು ತಪ್ಪು ಭಾವನೆ ಬರುವುದು. ಕೀಲಿನ ಬಳಿ ಟಕ್ಕೆನ್ನುವ ಚಲನೆ ಕಂಡರೆ ಬೇರಿಂಗು ಸವೆದಿರಬಹುದು, ಇಲ್ಲವೆ ನಟ್ಟು ಸಡಿಲವಾಗಿರಬಹುದು.

ಬಿಚ್ಚಿ ಗ್ರೀಸ್ ಹಚ್ಚುವ ಕ್ರಮ

ಚೈನನ್ನು ಸಡಿಲಿಸಿ, ಆಘಾತಶಾಮಕದ ಕೆಳತುದಿಯನ್ನು ಬಿಡಿಸಿ, ತೋಳಿನ ಭಾರಕ್ಕೆ ಕೆಳಗಿನಿಂದ ಆಸರೆ ಕೊಡಬೇಕು. ಭಾರವು ಬೋಲ್ಟಿನ ಮೇಲೆಯೇ ಇದ್ದರೆ ಅದು ಜಾರಲಾರದು. ನಟ್ಟನ್ನು ಬಿಚ್ಚಿದ ಮೇಲೆ ಮೊದಲು ಬೋಲ್ಟಿನ ತಲೆಗೆ ಸ್ಪ್ಯಾನರು ಹಾಕಿ ತುಸು ತಿರುಗಿಸಿ ನೋಡುವುದು. ತಿರುಗಿದರೆ ಅರ್ಧ ಕೆಲಸ ಮುಗಿಯಿತು. ತಿರುಗದಿದ್ದರೆ ತುಕ್ಕನ್ನು ಹೊಕ್ಕು ಸಡಿಲಿಸುವ ತೆಳುವಾದ ಎಣ್ಣೆಯನ್ನು ಎರಡೂ ಕಡೆ ಹಾಕಿ ಒಂದು ರಾತ್ರಿ ಬಿಡಬೇಕು. ಅವಸರಪಟ್ಟು ಕಬ್ಬಿಣದ ಸುತ್ತಿಗೆಯಿಂದ ಹೊಡೆದರೆ ಮರೆಗಳು ಜಜ್ಜಿಹೋಗುವುವು. ಹೊಡೆಯಲೇಬೇಕಾದಲ್ಲಿ ನಟ್ಟನ್ನು ತುದಿಗೆ ಸಮನಾಗಿ ಮತ್ತೆ ಹಾಕಿ, ಹಿತ್ತಾಳೆಯ ತುಂಡನ್ನು ಅಡ್ಡವಿಟ್ಟು ಮೆಲ್ಲಗೆ ತಟ್ಟುವುದು. ಪೆಟ್ರೋಲಿನ ಟ್ಯಾಂಕು ಹತ್ತಿರವಿರುವುದರಿಂದ ಬೆಂಕಿಯಿಂದ ಕಾಯಿಸುವ ಕೆಲಸವನ್ನು ಕಾರ್ಖಾನೆಯವರಿಗೆ ಬಿಡತಕ್ಕದ್ದು.

ಹೊರತೆಗೆದ ಬೋಲ್ಟು, ಕೊಳವೆ, ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಈ ಕೆಲಸವನ್ನು ಬಯಲಿನಲ್ಲಿ, ಒಲೆದೀಪಗಳಿಂದಲೂ ಮಕ್ಕಳಿಂದಲೂ ದೂರದಲ್ಲಿ ಮಾಡುವುದು ಕ್ಷೇಮ. ಬೋಲ್ಟಿನಲ್ಲಿ ಗುಳಿಗಳಾಗಿದ್ದರೆ, ಕೊಳವೆಯಲ್ಲಿ ಉಗುರಿಗೆ ತಗಲುವಷ್ಟು ಗೀರುಗಳಿದ್ದರೆ, ಬೇರಿಂಗಿನ ಉರುಳೆಗಳು ಕಳಚಿದ್ದರೆ, ರಬ್ಬರು ತಡೆಗಳು ಹರಿದಿದ್ದರೆ ಹೊಸವನ್ನು ಹಾಕಬೇಕಲ್ಲದೆ ಗ್ರೀಸಿನಿಂದ ದೋಷವನ್ನು ಮುಚ್ಚಬಾರದು.

ಗ್ರೀಸ್ ಎಂಬುದು ಬಹುಮಟ್ಟಿಗೆ ಸಾಬೂನಿನ ಜಾತಿಯ ಪದಾರ್ಥವೊಂದು ಎಣ್ಣೆಯನ್ನು ಸ್ಪಂಜಿನಂತೆ ಹಿಡಿದಿಟ್ಟುಕೊಂಡ ಮಿಶ್ರಣ. ಈ ಕೀಲಿಗೆ ನೀರಿನಲ್ಲಿ ಕರಗಿಹೋಗದ ಎರಡನೆಯ ನಂಬರಿನ ಗ್ರೀಸ್ ಯೋಗ್ಯವಾದುದು. ಬೇರೆ ಬೇರೆ ಜಾತಿಯವನ್ನು ಬೆರೆಸಿದರೆ ಕೆಲವು ಸಲ ಅವು ತೆಳುವಾಗಿ ಸೋರಿಹೋಗುವುದರಿಂದ ಹಳೆಯದನ್ನು ಪೂರ್ತಿ ತೆಗೆದೇ ಹೊಸದನ್ನು ತುಂಬತಕ್ಕದ್ದು. ಬೇರಿಂಗಿನ ಉರುಳೆಗಳ ಸಂದುಗಳಿಗೆ ಬೆರಳಿನಿಂದ ಒತ್ತಿ ತುಂಬಬೇಕು; ಕೊಳವೆಯ ಒಳಗೂ ಹೊರಗೂ, ಬೋಲ್ಟಿನ ಮೈಗೂ ತೆಳುವಾಗಿ ಸವರಬೇಕು. ಆದರೆ ಬೋಲ್ಟಿನ ಮರೆಗಳಿಗೆ ತಯಾರಕರ ಕೈಪಿಡಿಯಲ್ಲಿ ಹೇಳಿದ್ದರೆ ಮಾತ್ರ ಹಚ್ಚುವುದು. ಒಣಮರೆಗೆ ಹೇಳಿದ ಬಿಗಿತವನ್ನು ಜಿಡ್ಡಿನ ಮರೆಗೆ ಕೊಟ್ಟರೆ ಬೋಲ್ಟು ಮಿತಿಮೀರಿ ಎಳೆಯಲ್ಪಡುವುದು. ಬಿಗಿತದ ಪ್ರಮಾಣವು ಪ್ರತಿಯೊಂದು ಮಾದರಿಗೂ ಬೇರೆಯಾದುದರಿಂದ ಊಹೆಯಿಂದ ಬಿಗಿಯದೆ, ಕೈಪಿಡಿಯಲ್ಲಿರುವ ಅಂಕಿಯನ್ನು ಅಳತೆಯ ಸ್ಪ್ಯಾನರಿನಿಂದ ಪಾಲಿಸಬೇಕು. ಕೊನೆಗೆ ಆಘಾತಶಾಮಕವನ್ನು ಸೇರಿಸುವ ಮುನ್ನ ತೋಳನ್ನು ಎತ್ತಿ ಇಳಿಸಿ, ಅದು ತಡೆಯಿಲ್ಲದೆ ಆಡುವುದೆಂದು ಖಚಿತಪಡಿಸಿಕೊಳ್ಳತಕ್ಕದ್ದು.

ವರ್ಷಕ್ಕೊಮ್ಮೆಯಾದರೂ ಈ ಕೆಲಸವನ್ನು ಮಾಡಬೇಕು. ಕೆಸರುನೀರಿನಲ್ಲಿ ಸದಾ ದುಡಿಯುವ ವಾಹನಕ್ಕೆ ಇನ್ನೂ ಬೇಗನೆ ಬೇಕಾಗುವುದು. ಎ.ಟಿ.ವಿ. ಇಲ್ಲದ ಮನೆಯವರಿಗೆ ಇದರಿಂದೇನೆಂದು ವಾಚಕರು ಕೇಳಬಹುದು. ನಮ್ಮ ಮನೆಯಂಗಳದ ಮೋಟಾರು ಸೈಕಲ್ಲಿಗೂ ಇಂತಹುದೇ ತೋಳು, ಇಂತಹುದೇ ಬೋಲ್ಟು ಇವೆ. ಮಳೆಗಾಲದ ನೀರು ಅದನ್ನೂ ಬಿಡುವುದಿಲ್ಲ. ಮುಂದಿನ ಸಲ ವಾಹನವನ್ನು ದುರಸ್ತಿಗೆ ಒಯ್ದಾಗ ಈ ಬೋಲ್ಟನ್ನು ಹೊರತೆಗೆದು ಗ್ರೀಸ್ ಹಚ್ಚಿದಿರಾ ಎಂದು ಕೆಲಸಗಾರರನ್ನು ಕೇಳಿ ತಿಳಿದುಕೊಳ್ಳುವುದು ಯಜಮಾನನಿಗೂ ಯಜಮಾನಿತಿಗೂ ಶ್ರೇಯಸ್ಕರ. ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹೋಗುವ ವಾಹನದ ಹಿಂದಿನ ಗಾಲಿಯು ಈ ಒಂದು ಕೀಲನ್ನು ನಂಬಿಕೊಂಡಿದೆ.