ಮರಿನಾಯಿ ಮನೆ ಬಿಟ್ಟು ಓಡದಿರಲು: ಕಟ್ಟುವುದಕ್ಕಿಂತ ಕಲಿಸುವುದು ಮೇಲು

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಭಾಗದ ನಮ್ಮ ಕನ್ನಡ ಶಾಲೆಗಳ ಮಕ್ಕಳಲ್ಲಿ ಹಲವರು ಬೀದಿಯಲ್ಲಿ ಹುಟ್ಟಿದ ಮರಿನಾಯಿಯನ್ನು ಎತ್ತಿಕೊಂಡು ಮನೆಗೆ ತರುವುದುಂಟು. ಕೆಲವೇ ವಾರಗಳಲ್ಲಿ ಅದೇ ಮಗು ತರಗತಿಗೆ ಬಂದು “ಸರ್, ನಮ್ಮ ನಾಯಿ ಓಡಿಹೋಯಿತು” ಎಂದು ಕಣ್ಣೀರು ಹಾಕುತ್ತದೆ. ಓಡಿದ ಮರಿ ಮಹಬೂಬನಗರ–ರಾಯಚೂರು ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ಸಾಯಬಹುದು. ಹುಚ್ಚು ನಾಯಿಯಿಂದ ಕಚ್ಚಿಸಿಕೊಂಡು ಮನೆಗೆ ರೋಗವನ್ನೂ ತರಬಹುದು. ಆದ್ದರಿಂದ ಪಾಲಕರು ಇದನ್ನು ಮಕ್ಕಳಾಟವೆಂದು ಕಡೆಗಣಿಸಬಾರದು.

ಓಡುವುದೇಕೆ?

ನಾಯಿಯು ಮನೆಯವರ ಮೇಲೆ ಮುನಿಸಿಕೊಂಡು ಓಡುವುದಿಲ್ಲ. ಹೊಸ ವಾಸನೆ, ಎದುರಿಗೆ ಹಾದ ಬೆಕ್ಕು, ದಿನವಿಡೀ ಒಂಟಿಯಾಗಿರುವ ಬೇಸರ, ದೀಪಾವಳಿಯ ಪಟಾಕಿ ಅಥವಾ ಮೊಹರಂನ ಹಲಗೆಯ ಸದ್ದಿನ ಭಯ ಇವೇ ಮುಖ್ಯ ಕಾರಣಗಳು. ಆರು ತಿಂಗಳು ದಾಟಿದ ಮೇಲೆ ಸಂಗಾತಿಯನ್ನು ಅರಸಿಯೂ ಹೋಗುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಈ ಅಲೆದಾಟ ಬಹಳಮಟ್ಟಿಗೆ ತಗ್ಗುತ್ತದೆ. ತಳಿಯ ಗುಣವೂ ಉಂಟು. ಬಾಗಲಕೋಟೆ ಜಿಲ್ಲೆಯ ಹೆಸರಾಂತ ಮುಧೋಳ ನಾಯಿಯು ಕಣ್ಣಿನಿಂದ ಬೇಟೆಯನ್ನು ಗುರುತಿಸಿ ಬೆನ್ನಟ್ಟುವ ಜಾತಿ. 2005ರಲ್ಲಿ ಅಂಚೆಚೀಟಿಯ ಗೌರವ ಪಡೆದ ಈ ತಳಿಗೆ ಓಟವೇ ಪ್ರಕೃತಿ. ಅಂತಹ ಮರಿಗೆ ಹೆಚ್ಚಿನ ತಾಳ್ಮೆಯ ತರಬೇತಿ ಬೇಕು.

ಮನೆಯವರೆಲ್ಲರಿಗೂ ಒಂದೇ ಮಾತು

ನಮ್ಮ ಗಡಿನಾಡಿನ ಮನೆಗಳಿಗೆ ವಿಶೇಷವಾದ ತೊಡಕೊಂದಿದೆ. ಅಜ್ಜಿ ನಾಯಿಯನ್ನು “ಬಾ” ಎನ್ನುತ್ತಾಳೆ. ನೆರೆಮನೆಯ ಮಕ್ಕಳು “ರಾ” ಎನ್ನುತ್ತಾರೆ. ಓಣಿಯ ಇನ್ನೊಬ್ಬರು “ಆಜಾ” ಎನ್ನುತ್ತಾರೆ. ನಾವು ಮೂರು ಭಾಷೆಗಳನ್ನು ಬಲ್ಲೆವು, ಆದರೆ ಮರಿ ಕಲಿಯುವುದು ಅರ್ಥವನ್ನಲ್ಲ, ಧ್ವನಿಯನ್ನು. ಮೂರು ಧ್ವನಿಗಳ ನಡುವೆ ಅದು ಯಾವುದನ್ನೂ ಗಟ್ಟಿಯಾಗಿ ಕಲಿಯದು. ಮನೆಯವರೆಲ್ಲ ಕುಳಿತು ಒಂದೇ ಕರೆಯನ್ನು ನಿರ್ಧರಿಸಿರಿ. “ಊಟಕ್ಕೆ ಬಾ” ಎಂದು ಮನುಷ್ಯರನ್ನೂ ಕರೆಯುವುದರಿಂದ, “ಕರಿಯಾ, ಬಾ” ಎಂಬಂತೆ ಹೆಸರಿನೊಡನೆ ಕರೆಯುವುದು ಒಳ್ಳೆಯದು.

ಹಂತ ಹಂತವಾಗಿ ಕಲಿಸುವುದು

ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಅಗಲಿಸಬಾರದು. ಮನೆಗೆ ತಂದ ಮೇಲೆ ಮೊದಲು ಒಳಕೋಣೆಯಲ್ಲಿ, ಎರಡು ಹೆಜ್ಜೆ ದೂರದಿಂದ ಕರೆಯಿರಿ. ಬಂದೊಡನೆ ಬೇಯಿಸಿದ ಮೊಟ್ಟೆಯ ಚೂರು ಇಲ್ಲವೆ ಜೋಳದ ರೊಟ್ಟಿಯ ತುಣುಕು ಕೊಟ್ಟು ಮೈದಡವಿರಿ. ಚಾಕೊಲೇಟ್, ಈರುಳ್ಳಿ, ದ್ರಾಕ್ಷಿ ನಾಯಿಗೆ ವಿಷಕಾರಿ. ಅವನ್ನು ಎಂದಿಗೂ ಕೊಡಬಾರದು. ದಿನಕ್ಕೆ ಮೂರು ನಾಲ್ಕು ಸಲ, ಒಂದೊಂದು ಸಲಕ್ಕೆ ಐದು ನಿಮಿಷ ಸಾಕು.

ಒಳಗೆ ತಪ್ಪದೆ ಬರತೊಡಗಿದ ಮೇಲೆ ಅಂಗಳಕ್ಕೆ ಬನ್ನಿರಿ. ಕೊರಳಪಟ್ಟಿಗೆ ಎಂಟು ಹತ್ತು ಮೀಟರ್ ಉದ್ದದ ಹಗುರವಾದ ಹಗ್ಗ ಕಟ್ಟಿ ಅಡ್ಡಾಡಲು ಬಿಟ್ಟು ಕರೆಯಿರಿ. ಹಗ್ಗ ಎಳೆದು ತರುವುದಕ್ಕಲ್ಲ, ಬೀದಿಗೆ ನುಗ್ಗದಂತೆ ತಡೆಯುವುದಕ್ಕೆ ಮಾತ್ರ. ಬಾಗಿಲು ತೆರೆಯುವ ಮುನ್ನ ಹೊಸ್ತಿಲ ಬಳಿ “ನಿಲ್ಲು” ಎಂದು ನಿಲ್ಲಿಸಿ, ನಿಂತರೆ ಬಹುಮಾನ ಕೊಡಿರಿ. ನುಗ್ಗಿದರೆ ಬಾಗಿಲನ್ನು ಮೆಲ್ಲನೆ ಮುಚ್ಚಿರಿ.

ಬೆಳಗಿನ ಶಾಲೆಯ ವೇಳೆಯೇ ಹೆಚ್ಚು ಅಪಾಯದ ಹೊತ್ತು. ಮಗುವಿನ ಹಿಂದೆಯೇ ಮರಿ ರಸ್ತೆಗೆ ಇಳಿಯುತ್ತದೆ. ಆ ಹೊತ್ತಿಗೆ ಹಿರಿಯರೊಬ್ಬರು ಒಳಗೆ ಅದಕ್ಕೆ ಊಟವಿಟ್ಟರೆ ಆ ಅಭ್ಯಾಸ ಬೆಳೆಯದು.

ಮರಳಿ ಬಂದ ಮರಿಯನ್ನು ಹೊಡೆಯಬಾರದು

ನಾವು ಸಾಮಾನ್ಯವಾಗಿ ಮಾಡುವ ತಪ್ಪು ಇದು. ಅರ್ಧಗಂಟೆ ಅಲೆದು ಬಂದ ನಾಯಿಗೆ ಏಟು ಕೊಟ್ಟರೆ, ಓಡಿದ್ದಕ್ಕೆ ಶಿಕ್ಷೆ ಎಂದು ಅದು ತಿಳಿಯದು. ಮರಳಿ ಬಂದದ್ದಕ್ಕೆ ಶಿಕ್ಷೆ ಎಂದೇ ತಿಳಿಯುತ್ತದೆ. ಮುಂದಿನ ಸಲ ಅದು ಬರಲು ಹೆದರುತ್ತದೆ. ಎಷ್ಟೇ ಸಿಟ್ಟಿದ್ದರೂ ಬಂದ ನಾಯಿಯನ್ನು ಆದರಿಸಿರಿ. ಕೈ ತಪ್ಪಿ ಓಡಿದಾಗ ಬೆನ್ನಟ್ಟಬೇಡಿರಿ, ಅದಕ್ಕೆ ಅದೊಂದು ಆಟವಾಗುತ್ತದೆ. ನೆಲಕ್ಕೆ ಕುಕ್ಕರಿಸಿ ಕರೆಯಿರಿ, ಇಲ್ಲವೆ ಎದುರು ದಿಕ್ಕಿಗೆ ಓಡುತ್ತ ಕರೆಯಿರಿ. ಬಹುಪಾಲು ಮರಿಗಳು ಹಿಂದೆಯೇ ಬರುತ್ತವೆ.

ಸರಪಳಿ ಪರಿಹಾರವಲ್ಲ

ದಿನವಿಡೀ ಕಟ್ಟಿಹಾಕಿದ ನಾಯಿ ಬಿಟ್ಟೊಡನೆ ಇನ್ನಷ್ಟು ದೂರ ಓಡುತ್ತದೆ. ಸದಾ ಕಟ್ಟಿಟ್ಟ ನಾಯಿಗೆ ತಕ್ಕ ಅಡ್ಡಾಟ ನೀಡದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ಅಪರಾಧವೂ ಹೌದು. ಬೆಳಿಗ್ಗೆ, ಸಂಜೆ ನಡೆಸಿಕೊಂಡು ಬಂದರೆ ಅರ್ಧ ಸಮಸ್ಯೆ ತೀರುತ್ತದೆ. ಕೊರಳಪಟ್ಟಿಯ ಮೇಲೆ ಫೋನ್ ಸಂಖ್ಯೆ ಬರೆಯಿರಿ. ಮೂರು ತಿಂಗಳಾದಾಗ ಪಶು ಚಿಕಿತ್ಸಾಲಯದಲ್ಲಿ ಹುಚ್ಚು ನಾಯಿ ರೋಗದ ಲಸಿಕೆ ಹಾಕಿಸಿ, ಮುಂದಿನ ಲಸಿಕೆಗಳನ್ನು ವೈದ್ಯರು ಹೇಳಿದಂತೆ ಹಾಕಿಸಿರಿ. ಯಾವುದೇ ನಾಯಿ ಮಗುವನ್ನು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಿಂದ ತೊಳೆದು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ನಾಯಿಯ ಮೇಲಿನ ಮಮತೆ ಕನ್ನಡಿಗರಿಗೆ ಹೊಸದಲ್ಲ. ಅಂದಿನ ದೊರೆಯು ಯುದ್ಧದ ಪರಾಕ್ರಮಕ್ಕೆ ಮೆಚ್ಚಿ “ಬೇಕಾದುದನ್ನು ಬೇಡು” ಎಂದಾಗ, ಮಣಲೆರನೆಂಬ ವೀರನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಅದು ಕಾಡುಹಂದಿಯೊಡನೆ ಹೋರಾಡಿ ಸತ್ತಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಿದನು. ಹತ್ತನೆಯ ಶತಮಾನದ ಆ ಆತಕೂರು ಶಾಸನ ಕನ್ನಡದಲ್ಲಿದೆ. ಈ ಕಥೆಯನ್ನು ನಿಮ್ಮ ಮಕ್ಕಳಿಗೆ ಹೇಳಿರಿ. ಬಳಿಕ ಅವರ ಕೈಗೆ ರೊಟ್ಟಿಯ ತುಣುಕೊಂದನ್ನು ಕೊಟ್ಟು, ಇಂದಿನ ಐದು ನಿಮಿಷದ ಪಾಠವನ್ನು ಅವರಿಂದಲೇ ಆರಂಭಿಸಿರಿ.