ಬಿದ್ದ ಯಂತ್ರ, ಉಳಿದ ಪ್ರತಿ

ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ, ಹೊಸೂರು ರಸ್ತೆಯ ಮಗ್ಗುಲಿಗೆ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಎಂಬ ಎರಡು ಹಳ್ಳಿಗಳ 332 ಎಕರೆ ನೆಲದಲ್ಲಿ 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಎಲೆಕ್ಟ್ರಾನಿಕ್ ಸಿಟಿಗೆ ಬುನಾದಿ ಹಾಕಿತು. ಇಂದು ದೇಶದ ಯಾವ ಮೂಲೆಯ ಸಂಬಳದಾರನೇ ಆಗಲಿ, ಅವನು ಸಲ್ಲಿಸುವ ಆದಾಯ ತೆರಿಗೆಯ ವಿವರಪಟ್ಟಿ ಪರಿಶೀಲನೆಗಾಗಿ ಬಂದು ಸೇರುವುದು ಈ ನೆರೆಯಲ್ಲೇ ಇರುವ ಕೇಂದ್ರಕ್ಕೆ. ಹಗಲಿನ ನೌಕರರು ಬಸ್ಸು ಹತ್ತಿ ಮನೆ ಸೇರಿದ ಮೇಲೂ ಇಲ್ಲಿನ ಯಂತ್ರಗಳಿಗೆ ನಿದ್ರೆಯಿಲ್ಲ. ಅನೇಕರಿಗೆ ಬೇಕಾದ ಲೆಕ್ಕಪತ್ರವನ್ನು ಒಂದೆಡೆ ಇಟ್ಟುಕೊಂಡು, ಕೇಳಿದವರಿಗೆ ಕೇಳಿದಾಗ ಒದಗಿಸುವ ಈ ಗಣಕಯಂತ್ರಗಳಿಗೆ ಸರ್ವರ್ ಎಂದು ಹೆಸರು.

ಆದರೆ ಯಂತ್ರವೆಂದ ಮೇಲೆ ಒಂದು ದಿನ ಕೆಡಲೇಬೇಕು. ಡಿಸ್ಕು ಸವೆಯುತ್ತದೆ, ವಿದ್ಯುತ್ತು ಕೈಕೊಡುತ್ತದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಹೊರವರ್ತುಲ ರಸ್ತೆಯ ನೌಕರರು ಟ್ರಾಕ್ಟರುಗಳಲ್ಲಿ ಕುಳಿತು ಕಛೇರಿಗೆ ಹೋದುದನ್ನು ನೆನೆದರೆ, ನೀರಿನ ಭಯವೂ ಕಲ್ಪನೆಯದಲ್ಲವೆಂದು ತಿಳಿಯುತ್ತದೆ. ಇವೆಲ್ಲಕ್ಕಿಂತ ಹೆಚ್ಚಿನದು ಮನುಷ್ಯನ ಕೈತಪ್ಪು ಮತ್ತು ಕಳ್ಳನ ಕೈಚಳಕ. ಯಂತ್ರ ಕೆಟ್ಟರೆ ಇನ್ನೊಂದನ್ನು ಕೊಳ್ಳಬಹುದು. ಅದರೊಳಗಿನ ಲೆಕ್ಕವನ್ನು ಯಾವ ಅಂಗಡಿಯಲ್ಲಿ ಕೊಳ್ಳುವುದು?

ಆಸ್ಪತ್ರೆಯಲ್ಲಿ ಎರಡು ವಾರ

2022ರ ನವೆಂಬರ್ 23ರಂದು ದೆಹಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆಯಲ್ಲಿ ಈ ಪ್ರಶ್ನೆ ಎದುರಾಯಿತು. ದುಷ್ಕರ್ಮಿಗಳು ಜಾಲದ ಮೂಲಕ ನುಗ್ಗಿ ಐದು ಸರ್ವರುಗಳಲ್ಲಿದ್ದ ಸುಮಾರು 1.3 ಟೆರಾಬೈಟ್‌ನಷ್ಟು ಮಾಹಿತಿಯನ್ನು ಯಾರೂ ಓದಲಾಗದ ಗೂಢಲಿಪಿಗೆ ಮಾರ್ಪಡಿಸಿಬಿಟ್ಟರು. ರೋಗಿಗಳ ನೋಂದಣಿ, ಭೇಟಿಯ ದಿನ, ದಾಖಲಾತಿ, ಬಿಡುಗಡೆ ಎಲ್ಲವೂ ಸ್ತಬ್ಧವಾದವು. ದೂರದೂರದಿಂದ ಬಂದು ಸಾಲಿನಲ್ಲಿ ನಿಂತವರಿಗೆ ಕೈಬರಹದ ಚೀಟಿಯೇ ಗತಿಯಾಯಿತು.

ಆದರೂ ಆಸ್ಪತ್ರೆಯ ದಾಖಲೆಗಳು ನಾಶವಾಗಲಿಲ್ಲ. ಹಾವಳಿಗೆ ಸಿಕ್ಕದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರ್ ಇತ್ತು. ಅದರಲ್ಲಿದ್ದ ಪ್ರತಿಯನ್ನು ಹೊಸ ಯಂತ್ರಗಳಿಗೆ ಇಳಿಸಿದರು. ಬಹುಪಾಲು ಕೆಲಸ ಮತ್ತೆ ನಡೆಯತೊಡಗಿದುದು ಸುಮಾರು ಎರಡು ವಾರಗಳ ನಂತರ. ಪ್ರತಿ ಇದ್ದೂ ಅಷ್ಟು ದಿನ ಬೇಕೇ ಎಂದು ಯಾರಾದರೂ ಕೇಳಿಯಾರು. ಅದರ ಉತ್ತರ ಈ ಕೆಲಸದ ಕ್ರಮದಲ್ಲಿಯೇ ಇದೆ.

ಮರಳಿಸುವ ಕ್ರಮ

ವಾರಕ್ಕೊಮ್ಮೆ ಇಡೀ ಸರ್ವರಿನ ಪೂರ್ಣ ಪ್ರತಿ ತೆಗೆಯುತ್ತಾರೆ. ದಿನದಿನವೂ ಬದಲಾದುದನ್ನು ಮಾತ್ರ ಬೇರೆಯಾಗಿ ಬರೆದಿಡುತ್ತಾರೆ. ಬ್ಯಾಂಕಿನಂತಹ ಕಡೆಗಳಲ್ಲಿ ಪ್ರತಿಯೊಂದು ವ್ಯವಹಾರವನ್ನೂ ಆಯಾ ಕ್ಷಣದಲ್ಲೇ ದಿನಚರಿಯಂತೆ ದಾಖಲಿಸುವ ಕಡತವೂ ಇರುತ್ತದೆ. ಯಂತ್ರ ಬಿದ್ದಾಗ ಮೊದಲು ಪೂರ್ಣ ಪ್ರತಿ, ಅದರ ಮೇಲೆ ದಿನದಿನದ ಬದಲಾವಣೆ, ಕೊನೆಗೆ ದಿನಚರಿ: ಹೀಗೆ ಮೆಟ್ಟಿಲುಮೆಟ್ಟಿಲಾಗಿ ಏರಬೇಕು. ನಡುವಿನ ಒಂದು ಮೆಟ್ಟಿಲು ಮುರಿದಿದ್ದರೆ ಅದರಾಚೆಗೆ ಏರುವಂತಿಲ್ಲ.

ನುರಿತವರು ಮೊದಲು ಮಾಡುವ ಕೆಲಸವೆಂದರೆ ಅವಸರಪಡದಿರುವುದು. ಉಳಿದಿರುವ ಏಕೈಕ ಪ್ರತಿಯ ಮೇಲೆ ಅವರು ಕೈಯಿಡುವುದಿಲ್ಲ. ಅದರ ನಕಲನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡುತ್ತಾರೆ. ಕಳ್ಳನು ಹತ್ತು ದಿನ ಮೊದಲೇ ಒಳಹೊಕ್ಕು ಅವಿತಿದ್ದರೆ ನಿನ್ನೆಯ ಪ್ರತಿಯಲ್ಲಿ ಅವನೂ ಇರುತ್ತಾನೆ. ಹಿಂದಿನ ಪ್ರತಿಗೆ ಹೋದರೆ ಯಂತ್ರ ಶುದ್ಧ, ಆದರೆ ಹತ್ತು ದಿನಗಳ ದುಡಿಮೆ ನಷ್ಟ. ಹೊರಗೆ ಸಾವಿರಾರು ಜನ ಕಾಯುತ್ತಿರುವಾಗ, ಸರಿರಾತ್ರಿಯಲ್ಲಿ ಈ ತೀರ್ಮಾನ ಮಾಡಬೇಕಾದವನ ಎದೆಗಾರಿಕೆ ಸಾಮಾನ್ಯವಾದುದಲ್ಲ. ಆ ಬಳಿಕ ದಾಖಲೆಗಳ ಸಂಖ್ಯೆ, ಮೊತ್ತಗಳ ತಾಳೆ ನೋಡಬೇಕು. ನಡುವಿನ ದಿನಗಳ ಕೈಚೀಟಿಗಳನ್ನು ಒಂದೊಂದಾಗಿ ತುಂಬಬೇಕು.

ಇದ್ದೂ ಇಲ್ಲದಂತಾದ ಪ್ರತಿಗಳು

ಪ್ರತಿ ಇದೆ ಎಂಬ ನಂಬಿಕೆ ಬೇರೆ, ಅದು ನಿಜವಾಗಿ ಇರುವುದು ಬೇರೆ. ಗಿಟ್‌ಲ್ಯಾಬ್ ಎಂಬುದು ಪ್ರಪಂಚದ ತಂತ್ರಜ್ಞರು ತಾವು ಬರೆದ ಪ್ರೋಗ್ರಾಮುಗಳನ್ನು ಇಟ್ಟುಕೊಳ್ಳುವ ಸಂಸ್ಥೆ. 2017ರ ಜನವರಿ 31ರಂದು ಅಲ್ಲಿ ದಣಿದಿದ್ದ ಎಂಜಿನಿಯರೊಬ್ಬರು ಒಂದು ಸರ್ವರಿನಲ್ಲಿ ಅಳಿಸಬೇಕಾದುದನ್ನು ಇನ್ನೊಂದರಲ್ಲಿ ಅಳಿಸಿದರು. ತಪ್ಪು ಹೊಳೆದು ತಡೆಯುವಷ್ಟರಲ್ಲಿ 300 ಗಿಗಾಬೈಟ್‌ಗಳಲ್ಲಿ ಉಳಿದಿದ್ದುದು ನಾಲ್ಕೂವರೆ ಮಾತ್ರ!

ಐದು ಬಗೆಯ ರಕ್ಷಣೆ ಇತ್ತಲ್ಲ ಎಂದು ಒಂದೊಂದನ್ನೇ ಪರೀಕ್ಷಿಸಿದರು. ಒಂದೂ ನೆಚ್ಚುವಂತಿರಲಿಲ್ಲ. ದಿನವೂ ಪ್ರತಿ ತೆಗೆಯಬೇಕಾದ ಪ್ರೋಗ್ರಾಮು ಸದ್ದಿಲ್ಲದೆ ಸೋಲುತ್ತಿತ್ತು. ಸೋಲನ್ನು ತಿಳಿಸುವ ಮಿಂಚಂಚೆಗಳು ಯಾರನ್ನೂ ತಲಪದೆ ತಿರಸ್ಕೃತವಾಗುತ್ತಿದ್ದವು. ಆರು ಗಂಟೆಗಳ ಹಿಂದೆ ಬೇರಾವುದೋ ಪ್ರಯೋಗಕ್ಕೆಂದು ಕೈಯಾರೆ ತೆಗೆದಿಟ್ಟಿದ್ದ ಒಂದು ಪ್ರತಿ ಆಪದ್ಬಾಂಧವನಂತೆ ಒದಗಿ ಸಂಸ್ಥೆಯನ್ನು ಉಳಿಸಿತು. ಆ ಆರು ಗಂಟೆಗಳ ಮಾಹಿತಿ ಮಾತ್ರ ಹೋಯಿತು. ಸಂಸ್ಥೆಯು ಇದಾವುದನ್ನೂ ಮುಚ್ಚಿಡದೆ ಜಗತ್ತಿನ ಮುಂದಿಟ್ಟಿತು. ಅದರಿಂದ ಪಾಠ ಕಲಿತವರು ಬಹಳ.

ದಕ್ಷಿಣ ಕೊರಿಯದ ಡೇಜಾನ್ ನಗರದಲ್ಲಿ ನಡೆದುದು ಇನ್ನೂ ಕಠೋರವಾದುದು. 2025ರ ಸೆಪ್ಟೆಂಬರ್ 26ರಂದು ಅಲ್ಲಿನ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಗಳಿಗೆ ಬೆಂಕಿ ತಗಲಿತು. ಸರ್ಕಾರಿ ನೌಕರರ ಕಡತಗಳಿದ್ದ 858 ಟೆರಾಬೈಟ್‌ಗಳ ಉಗ್ರಾಣ ಸುಟ್ಟುಹೋಯಿತು. ಗಾತ್ರ ದೊಡ್ಡದೆಂಬ ಕಾರಣಕ್ಕೆ ಅದಕ್ಕೆ ಹೊರಗೆಲ್ಲೂ ಪ್ರತಿಯಿರಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಅವಕಾಶವೂ ಅವರಿಗೆ ಉಳಿಯಲಿಲ್ಲ.

ಮೂರು, ಎರಡು, ಒಂದು

ಇದಕ್ಕೆಂದೇ ಈ ಕಸುಬಿನವರಲ್ಲಿ ಒಂದು ಸೂತ್ರವಿದೆ: ಪ್ರತಿ ಮೂರಿರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದಾದರೂ ಬೇರೆ ಊರಿನಲ್ಲಿರಲಿ. ಆಧಾರ್ ಪ್ರಾಧಿಕಾರದ ದತ್ತಾಂಶ ಕೇಂದ್ರಗಳು ಬೆಂಗಳೂರಿನಲ್ಲಿಯೂ ಹರಿಯಾಣದ ಮಾನೇಸರದಲ್ಲಿಯೂ ಇರುವುದನ್ನು ಇಲ್ಲಿ ನೆನೆಯಬಹುದು. ಎರಡು ಡಿಸ್ಕುಗಳು ಒಂದನ್ನೊಂದು ಕ್ಷಣಕ್ಷಣವೂ ಅನುಸರಿಸುವ ಏರ್ಪಾಡನ್ನು ಬ್ಯಾಕಪ್ ಎಂದು ಭ್ರಮಿಸಬಾರದು. ಕನ್ನಡಿಯ ಮುಂದೆ ನಿಂತು ಹಣೆಯ ಕುಂಕುಮ ಅಳಿಸಿದರೆ ಕನ್ನಡಿಯೊಳಗಿನ ಕುಂಕುಮವೂ ಅಳಿಯುತ್ತದೆ. ಜಾಲದ ನಂಟಿಲ್ಲದೆ ಬೀರುವಿನಲ್ಲಿಟ್ಟ ಟೇಪನ್ನಾದರೋ ಜಾಲದ ಕಳ್ಳ ಮುಟ್ಟಲಾರ.

ಇಷ್ಟೇ ಸಾಲದು, ತಾಲೀಮೂ ಬೇಕು. 2024ರ ಮಾರ್ಚ್ 2ರ ಶನಿವಾರ ದೇಶದ ಎರಡು ಪ್ರಮುಖ ಷೇರುಪೇಟೆಗಳು ರಜಾದಿನದಲ್ಲೂ ಬಾಗಿಲು ತೆರೆದವು. ಮೊದಲ ಅವಧಿಯ ವ್ಯಾಪಾರ ಮುಖ್ಯ ಕೇಂದ್ರದಿಂದ ನಡೆಯಿತು. ಎರಡನೆಯದು, ಆಪತ್ಕಾಲಕ್ಕೆಂದು ಇಟ್ಟ ಬದಲಿ ಕೇಂದ್ರದಿಂದ. ಆಪತ್ತು ಬರುವ ಮುನ್ನವೇ ನಿಜವಾದ ಹಣದಿಂದ ನಡೆಸಿದ ತಾಲೀಮು ಅದು.

ಸಹಸ್ರ ಪ್ರತಿಗಳ ತಾಯಿ

ಈ ವಿವೇಕ ಕನ್ನಡಿಗರಿಗೆ ಹೊಸದೇನಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ಪ್ರಸಿದ್ಧಿ. ಆ ಕಾವ್ಯ ಇಂದಿಗೂ ಓದಲು ಸಿಗುತ್ತದೆ. ಅದೇ ಕವಿಯ ‘ಭುವನೈಕರಾಮಾಭ್ಯುದಯ’ ಎಲ್ಲಿ ಹೋಯಿತೋ, ಕನ್ನಡಿಗರ ಕೈಗೆ ದೊರಕಿಲ್ಲ.

ಪೀಣ್ಯದ ಸಣ್ಣ ಕಾರ್ಖಾನೆಯ ಮೇಜಿನ ಮೇಲಿನ ಒಂದೇ ಗಣಕಯಂತ್ರದಲ್ಲಿ ಬಿಡಿಭಾಗಗಳ ನಕ್ಷೆಗಳೂ, ಗಿರಾಕಿಗಳ ಬಾಕಿಯೂ, ಕೆಲಸಗಾರರ ಸಂಬಳದ ಲೆಕ್ಕವೂ ಇರಬಹುದು. ಮನೆಯ ಮೊಬೈಲಿನಲ್ಲಿ ಮಗುವಿನ ಮೊದಲ ಹೆಜ್ಜೆಯ ಚಿತ್ರವೂ, ಗತಿಸಿದ ಅಜ್ಜಿಯ ದನಿಯೂ ಇರಬಹುದು. ಇವುಗಳಿಗೆ ದೊಡ್ಡ ಕೇಂದ್ರಗಳ ವೆಚ್ಚ ಬೇಕಿಲ್ಲ. ಒಂದು ಹೊರಗಿನ ಡಿಸ್ಕು, ಅದರದೇ ಇನ್ನೊಂದು ಪ್ರತಿ ನೆಂಟರ ಮನೆಯಲ್ಲಿ, ವಾರದಲ್ಲಿ ಅರ್ಧ ಗಂಟೆಯ ಶ್ರಮ, ಇಷ್ಟು ಸಾಕು. ತಿಂಗಳಿಗೊಮ್ಮೆ ಆ ಡಿಸ್ಕಿನಿಂದ ಯಾವುದಾದರೊಂದು ಕಡತವನ್ನು ಬೇರೆ ಯಂತ್ರದಲ್ಲಿ ತೆರೆದು, ಅದು ಸರಿಯಾಗಿ ತೆರೆಯುವುದೇ ಎಂದು ನೋಡುವುದನ್ನು ಮಾತ್ರ ಮರೆಯಬಾರದು.